ಗೆರೆ ದಾಟಿದರೆ ಒಂದು ಗೀಟು

ಹಾಕಿದ ಗೆರೆ ದಾಟದ ಹುಡುಗಿ ಎಂದು ನೆಂಟರಿಷ್ಟರಿಂದ ಹೊಗಳಿಸಿಕೊಂಡೇ ಬೆಳೆದವಳಿಗೆ, ಡಿಗ್ರಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸವೂ ಗೆರೆ ಕಾಯುವುದೇ ಆಯಿತು. ಸೇತುವೆಯ ಈಚೆ ರಸ್ತೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಅವಳು, ತೊಡೆಯ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ.

"ಮುಂದಿನ ಚಕ್ರ ಗೆರೆ ದಾಟಿದ್ರೆ ಒಂದು ಗೀಟು, ದಾಟದಿದ್ರೆ ಇಲ್ಲ. ಮಂತ್ರಿ ಕಾರೇ ಆಗ್ಲಿ, ನಿಮ್ಮಜ್ಜಿ ಸೈಕಲ್ಲೇ ಆಗ್ಲಿ," ಎಂದಿದ್ದರು ಬರಲಿದ್ದ ಹೊಸ ಹೆದ್ದಾರಿಯ ಇಂಜಿನಿಯರು. "ನಿನ್ನ ಗೀಟಿನ ಮೇಲೇ ರಸ್ತೆ ನಿಂತಿರೋದಮ್ಮ. ಗಾಡಿ ಕಮ್ಮಿ ಅಂತ ಬಂತೋ, ಮೇಲಿನವರು ಫೈಲು ಮುಚ್ಚಿ ಅದರ ಮೇಲೆ ಟೀ ಲೋಟ ಇಡ್ತಾರೆ."

ಎಂಟು ಗಂಟೆಗೆಲ್ಲ ರಸ್ತೆ ಹೆಪ್ಪುಗಟ್ಟುತ್ತಿತ್ತು. ಹಾಲು ಮೊಸರಾಗುವ ಹಾಗೆ, ಯಾವ ಗಳಿಗೆಯಲ್ಲಿ ಎಂದು ಯಾರಿಗೂ ಗೊತ್ತಾಗದಂತೆ. ಲಾರಿ, ಕಾರು, ಸ್ಕೂಟರುಗಳ ಬೆನ್ನ ಮೇಲೆ ಬಿಸಿಲು ಬೆಕ್ಕಿನಂತೆ ಮೆಲ್ಲಗೆ ನಡೆಯುತ್ತಿತ್ತು. ನಾಲ್ಕು ಗೀಟು, ಅಡ್ಡಕ್ಕೊಂದು. ನಾಲ್ಕು ಗೀಟು, ಅಡ್ಡಕ್ಕೊಂದು. ಎಣಿಸುತ್ತ ಎಣಿಸುತ್ತ ಅವಳಿಗೆ ಕಣ್ಣು ತೆರೆದೇ ಇರುವಾಗ ಕನಸು ಬೀಳುತ್ತಿತ್ತು: ರಸ್ತೆ ನಿಂತಿದೆ, ಸೇತುವೆಯೇ ಅದರ ಕೆಳಗೆ ನಿಧಾನವಾಗಿ ಹರಿಯುತ್ತಿದೆ.

ಎಂಟೂ ಇಪ್ಪತ್ತಕ್ಕೆ ಈಚೆಯಿಂದ ಅಪ್ಪನ ಬಸ್ಸು, ಆಚೆಯಿಂದ ಅಮ್ಮನ ಬ್ರೆಡ್ ವ್ಯಾನು. ಗೆರೆಯ ಹತ್ತಿರ ಎರಡೂ ಕಿಟಕಿಗೆ ಕಿಟಕಿ ತಾಗುವಂತೆ ಸಿಕ್ಕಿಕೊಳ್ಳುತ್ತಿದ್ದವು.

ಅಪ್ಪ ಅಮ್ಮ ಬೇರೆಯಾಗಿ ಮೂರು ವರ್ಷವಾಗಿತ್ತು. ಅಮ್ಮನಿಗೆ ಗಾಡಿ ಕಲಿಸಿದವನು ಅಪ್ಪನೇ. ಲೈಸೆನ್ಸು ಬಂದ ದಿನ ನಾಲ್ಕು ಜನರೆದುರು, "ಇವಳ ಕೈಗೆ ಗಾಡಿ ಕೊಟ್ರೆ ನಡುರಸ್ತೇಲಿ ನಿಲ್ಲೋದು ಗ್ಯಾರಂಟಿ," ಎಂದು ನಕ್ಕವನೂ ಅವನೇ. ಮಾತಿಗೆ ಮಾತು ಬೆಳೆಯಿತು. ಅಮ್ಮ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಮಗಳನ್ನು ಕರೆದುಕೊಂಡು ಎರಡು ಕೋಣೆಯ ಬಾಡಿಗೆ ಮನೆಗೆ ಬಂದಳು. ಅಂದಿನಿಂದ ವ್ಯಾನು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದನ್ನವಳು ಪದಕದಂತೆ ಹೇಳಿಕೊಳ್ಳುತ್ತಿದ್ದಳು. ಅಪ್ಪನ ಫೋನು ಬಂದರೆ ಮಾತ್ರ ಎತ್ತುತ್ತಿರಲಿಲ್ಲ.

ಆದರೆ ಇಲ್ಲಿ ಏನು ಮಾಡುವುದು? ತಾವಾಗಿ ಯಾರೂ ನಿಲ್ಲಿಸಿದ್ದಲ್ಲ, ದಟ್ಟಣೆ ನಿಲ್ಲಿಸಿದ್ದು. ಸೋತವರು ಯಾರೂ ಇಲ್ಲ.

"ಮೊಣಕಾಲು ಹೇಗಿದೆ?" ಎಂದ ಅಪ್ಪ, ಸ್ಟೀರಿಂಗ್ ಹಿಡಿದೇ.

"ಇದ್ದಲ್ಲೇ ಇದೆ."

"ಏನಾದ್ರೂ ಹಚ್ಚಿದ್ಯಾ?"

"ನಿಮ್ಮ ಬಸ್ಸಿನ ಹೊಗೆ ಹಚ್ಕೊಂಡೆ. ಸಾಲದಾ?"

ಬಸ್ಸಿನೊಳಗೆ ಯಾರೋ ಕಿಸಕ್ಕೆಂದರು. ಹನ್ನೆರಡು ನಿಮಿಷ. ಆಮೇಲೆ ಮೊಸರು ಒಡೆದು ಇಬ್ಬರೂ ಎರಡು ದಿಕ್ಕಿಗೆ ಹರಿದುಹೋದರು. ಬಸ್ಸಿನ ಕಾಲಮ್ಮಿನಲ್ಲೊಂದು ಗೀಟು, ವ್ಯಾನಿನ ಕಾಲಮ್ಮಿನಲ್ಲೊಂದು ಗೀಟು.

ಹೊಸ ರಸ್ತೆ ಬಂದರೆ ಈ ಹನ್ನೆರಡು ನಿಮಿಷ ಹೋಗುತ್ತದೆ ಎಂದು ಅವಳಿಗೆ ಹೊಳೆದದ್ದು ಐದನೆಯ ದಿನ. ಪೆನ್ಸಿಲು ತಾನಾಗಿ ನಿಂತಿತು. ಅರ್ಧ ಗಂಟೆ ಗಾಡಿಗಳು ಗೆರೆ ದಾಟಿದವು, ಹಾಳೆ ಬಿಳಿಯಾಗಿಯೇ ಉಳಿಯಿತು. ಬೇಡವೆಂದರೂ ತಲೆಯೊಳಗೆ ಲೆಕ್ಕ ಮಾತ್ರ ನಡೆದೇ ಇತ್ತು: ಐನೂರ ನಲವತ್ತು.

ಸಂಜೆ ಅಮ್ಮ ಗೋಡೆ ಹಿಡಿದು ಒಳಗೆ ಬಂದಳು. ಎಡಗಾಲು ನೀಡಿ ಕೂತಳು. ಮೊಣಕಾಲು ಬೋರಲು ಹಾಕಿದ ಮಡಕೆಯಂತೆ ಊದಿತ್ತು.

"ಕ್ಲಚ್ಚು ಕಣೇ. ಒತ್ತು, ಬಿಡು, ಒತ್ತು, ಬಿಡು. ನಿಮ್ಮಪ್ಪಂದೂ ಇದೇ ಕಥೆ ಅಂತೆ. ನಿನ್ನ ರಸ್ತೆ ಯಾವಾಗ ಬರುತ್ತೆ?"

"ನನ್ನ ರಸ್ತೆನಾ?"

"ಮತ್ತಿನ್ನೇನು? ಎಣಿಸೋಳು ನೀನಲ್ವಾ? ಒಂದೂ ಬಿಡಬೇಡ, ನಮ್ಮ ಡಕೋಟಾ ವ್ಯಾನೂ ಸೇರಿಸು."

ಬಿಸಿನೀರಿನ ಚೀಲವನ್ನು ಅಮ್ಮನ ಮಂಡಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳು ಐನೂರ ನಲವತ್ತು ಗೀಟುಗಳನ್ನೂ ಹಾಕಿ ಮುಗಿಸಿದಳು.

ಫೈಲಿನ ಮೇಲೆ ಯಾರೂ ಲೋಟ ಇಡಲಿಲ್ಲ. ನಾಲ್ಕು ವರ್ಷದಲ್ಲಿ ಊರಾಚೆ ಕಂಬಗಳೆದ್ದವು, ಕಂಬಗಳ ಮೇಲೆ ರಸ್ತೆ ಮಲಗಿತು. ದೂರದಿಂದ ನೋಡಿದರೆ ಯಾರೋ ಮೋಡದ ಕೆಳಗೆ ಅಡಿಗೆರೆ ಎಳೆದಂತೆ. ಹೊರ ಊರಿನ ಗಾಡಿಗಳೆಲ್ಲ ಅತ್ತ ಹಾರಿಹೋದವು. ಎಷ್ಟು ಇಳಿಯಿತೆಂದು ನೋಡಲು ಹಳೆಯ ರಸ್ತೆಯನ್ನು ಇನ್ನೊಮ್ಮೆ ಎಣಿಸಬೇಕಿತ್ತು. ಅದೇ ಗೆರೆ, ಅದೇ ಕುರ್ಚಿ.

ಈಗ ಎರಡು ಗೀಟುಗಳ ನಡುವೆ ಒಂದು ಹಕ್ಕಿ ಇಡೀ ಸೇತುವೆ ದಾಟಬಹುದಿತ್ತು. ಅಪ್ಪನ ಬಸ್ಸು ಊರೊಳಗಿನದು, ಅಮ್ಮ ಬ್ರೆಡ್ ಹಾಕುವ ಅಂಗಡಿಗಳೂ ಇಲ್ಲಿಯವೇ. ಹಾಗಾಗಿ ಇಬ್ಬರೂ ಬಂದರು. ಮೊದಲ ದಿನ ಅಪ್ಪ ಹಾರನ್ ಹೊಡೆದ, ಅಮ್ಮ ದೀಪ ಮಿನುಗಿಸಿದಳು, ಅಷ್ಟೇ. ಎರಡನೆಯ ದಿನ ಹಾರನ್ನೂ ಇಲ್ಲ, ದೀಪವೂ ಇಲ್ಲ. ಒಂದು ಗೀಟು, ಇನ್ನೊಂದು ಗೀಟು. ತಾನೇ ಎಳೆದ ಗೀಟುಗಳು ಎಂದೂ ಅಷ್ಟು ತೆಳ್ಳಗೆ ಕಂಡಿರಲಿಲ್ಲ ಅವಳಿಗೆ.

ಮೂರನೆಯ ದಿನ ವ್ಯಾನು ಗೆರೆಗೆ ಒಂದು ಗೇಣು ಹಿಂದೆ, ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಅಮ್ಮ ಇಳಿದು ಬಾನೆಟ್ ಎತ್ತಿ, ಬಾವಿಯೊಳಗೆ ಬಿಂದಿಗೆ ಬೀಳಿಸಿಕೊಂಡವರಂತೆ ಇಣುಕಿದಳು.

ಬಸ್ಸು ಬಂತು. ಒಂದಿಷ್ಟು ಮುಂದೆ ಹೋಯಿತು. ನಿಂತಿತು. ಅಪ್ಪ ಇಳಿದು ಬಂದ.

"ಏನಾಯ್ತೇ?"

"ಗೊತ್ತಿಲ್ಲಾರೀ. ನಿಂತೋಯ್ತು."

"ನಡುರಸ್ತೇಲಾ?"

"ಹೂಂ. ನೀವು ಹೇಳಿದ್ರಲ್ಲ, ಗ್ಯಾರಂಟಿ ಅಂತ."

ಅಪ್ಪ ನಗಲಿಲ್ಲ. ಅಂಗಿಯ ತೋಳು ಮಡಚಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದ. "ಅವತ್ತು ನಾನು ಹಾಗನ್ನಬಾರದಿತ್ತು," ಎಂದು ಇಂಜಿನ್ನಿಗೆ ಹೇಳಿದ.

"ಡ್ರೈವರಣ್ಣಾ, ನಮ್ಮ ಆಫೀಸು!" ಎಂದಿತು ಬಸ್ಸಿನ ಕಿಟಕಿ.

"ಐದು ನಿಮಿಷ ಕಣಪ್ಪಾ. ಕಾಣ್ತಿಲ್ವಾ, ಟ್ರಾಫಿಕ್ ಜಾಮು!" ಎಂದು ಅಪ್ಪ ಖಾಲಿ ರಸ್ತೆಯತ್ತ ಕೈ ಬೀಸಿದ.

ಅಮ್ಮನ ಬೆನ್ನ ಹಿಂದೆ, ಮುಷ್ಟಿಯಲ್ಲಿ ವ್ಯಾನಿನ ಕೀಲಿ ಹೊಳೆಯುತ್ತಿದ್ದುದು ಕುರ್ಚಿಯಿಂದ ಮಾತ್ರ ಕಾಣುತ್ತಿತ್ತು. ಮುಂದಿನ ಚಕ್ರ ಇನ್ನೂ ಗೆರೆ ದಾಟಿರಲಿಲ್ಲ. ಹುಡುಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಎಣಿಸದೆ ಕೂತಳು.