ಎಳೆತದ ಬಾಣ

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದ ಕೌಸರ ಕೈ ತಡೆದಳು. ಪಡಸಾಲೆಯಲ್ಲಿ ಮಗಳು ತರನ್ನುಮ ಗಿಟಾರ ನುಡಿಸುತ್ತಿದ್ದಳು. ಸ್ವರ ಒಂದೂ ತಪ್ಪಿರಲಿಲ್ಲ. ಆದರೂ ಅದು ಗಂಡ ಜುಲ್ಫಿಕರನ ಧಾಟಿ ಆಗಿರಲಿಲ್ಲ.

"ಇದೇನವಾ, ಇಸ್ತ್ರಿ ಹೊಡದಂಗ ನುಡಸಾಕತ್ತಿ?"

"ಅಬ್ಬಾ ಬರದಂಗ ನುಡಸೇನಿ ಅಮ್ಮೀ. ಕಾಗದದಾಗ ಇಷ್ಟ ಐತಿ."

ಸಿಂದಗಿಯ ಸುತ್ತ ಎಲ್ಲಿ ಮದುವೆಯಾದರೂ ಜುಲ್ಫಿಕರನ ಗಿಟಾರ ಇರಲೇಬೇಕು. ಅವನು ತಂತಿ ಒತ್ತಿ ಪಕ್ಕಕ್ಕೆಳೆದರೆ ಸ್ವರ ಮೆಲ್ಲಗೆ ಮೇಲೇರುತ್ತಿತ್ತು. ಪಂಕ್ತಿಯಲ್ಲಿ ಕೂತವರ ತುತ್ತು ಅರ್ಧಕ್ಕೇ ನಿಲ್ಲುತ್ತಿತ್ತು. ಅವನೇ ಕಟ್ಟಿದ ಧಾಟಿಯನ್ನು ಬರೆದು ಕಳಿಸೆಂದು ಮುದ್ದೇಬಿಹಾಳದ ಗೆಳೆಯ ಬಸಂತರಾಯ ಕೇಳಿ ವರ್ಷಗಳೇ ಆಗಿದ್ದವು. ಬರೆಯುವುದು, ಸರಿಬಾರದೆ ಹರಿದೊಗೆಯುವುದು, ಇದೇ ನಡೆದಿತ್ತು. ಈಗ ಜುಲ್ಫಿಕರನ ಎಡಗೈಯ ಉಂಗುರಬೆರಳು ಸೆಟೆಯತೊಡಗಿತ್ತು. ಇನ್ನೂ ತಡವಾದರೆ ತೋರಿಸಿಕೊಡಲು ಬೆರಳೇ ಇರುವುದಿಲ್ಲ.

"ತಾ ಇಲ್ಲಿ ಆ ಕಾಗದ, ಹರದ ಒಗಿತೇನಿ," ಎಂದು ಮಗಳ ಪಕ್ಕದಲ್ಲೇ ಕೂತು ಕೈಚಾಚಿದ ಜುಲ್ಫಿಕರ, ಅವಳ ಬೆರಳು ನೋಡಿ ತಡೆದುಬಿಟ್ಟ. ಅವಳು 'ಮ'ದಿಂದ ಎಳೆಯದೆ ನೇರವಾಗಿ 'ಪ' ಸ್ವರದ ಮೇಲೇ ಒತ್ತಿದ್ದಳು.

"ಹುಚ್ಚ ನಾನು!" ಹಣೆ ಬಡಿದುಕೊಂಡು ನಕ್ಕ. "ಬರಿಯೂದು ಕಲಿಸಿದ ಉಸ್ತಾದರು ಹಾರ್ಮೋನಿಯಂ ಪೇಟಿ ಬಾರಿಸಾವ್ರು. ಪೇಟ್ಯಾಗ ಎಳಿಯೂದು ಎಲ್ಲಿ ಬರ್ತೈತಿ? ಸ್ವರ ಎಲ್ಲಿ ಮುಟ್ಟಿತೋ ಅಷ್ಟ ಬರಕೋತ ಬಂದೇನಿ. ಎಲ್ಲಿಂದ ಎದ್ದು ಹೋತು ಅನ್ನೂದ ಬಿಟ್ಟೇನಿ."

ಹೊಸ ಹಾಳೆಯಲ್ಲಿ 'ಮ' ಬರೆದ. ಅದರಿಂದ ಮೇಲಕ್ಕೆ ಬಾಗಿದ ಬಾಣ, ತುದಿಗೆ 'ಪ'. ಮೆಲ್ಲಗೆ ಎಳೆಯುವಲ್ಲಿ ಗೆರೆ ಉದ್ದ, ಥಟ್ಟನೆ ಎಳೆಯುವಲ್ಲಿ ಗಿಡ್ಡ. ಬಿಡುವಲ್ಲಿ ಬಾಣ ಕೆಳಕ್ಕೆ.

ತರನ್ನುಮ ಎಳೆದಳು. ತಂತಿ ಬೆಕ್ಕಿನಂತೆ ಕಿರುಚಿತು.

"ಬಾಣ ಅವಸರ ಮಾಡಾಂಗಿಲ್ಲ ನೋಡವಾ," ಎಂದ ಜುಲ್ಫಿಕರ.

ಮತ್ತೆ ಎಳೆದಳು. ಸ್ವರ 'ಮ'ದಿಂದ ಎದ್ದು, ನಡುವೆ ಒಂದಿಷ್ಟು ತೂಗಾಡಿ, 'ಪ'ಕ್ಕೆ ಹೋಗಿ ಕೂತಿತು. ಕೌಸರಳ ತೋಳಿನ ಮೇಲೆ ಮುಳ್ಳೆದ್ದವು. ಈ ಮನುಷ್ಯ ಇಷ್ಟನ್ನೂ ಒಂದು ಬೆರಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದನಲ್ಲ!

"ಅಮ್ಮೀ, ರೊಟ್ಟಿ ಹೊತ್ತಾಕತ್ತೈತಿ!"

"ಹೊತ್ತಲಿ ಬಿಡು. ಇನ್ನೊಮ್ಮೆ ನುಡಸು."

ಮಧ್ಯಾಹ್ನ ಕೌಸರಳ ಜೊತೆ ಅಂಚೆಪೆಟ್ಟಿಗೆಗೆ ಬಂದ ಜುಲ್ಫಿಕರ, ಬಸಂತರಾಯನ ಹೆಸರು ಬರೆದ ಲಕೋಟೆ ಹಿಡಿದು ಮತ್ತೆ ತಡೆದ.

"ಆ ಕಡೇ ಬಾಣ ಸ್ವಲ್ಪ ಗಿಡ್ಡಾತೇನೋ. ಮನಿಗೆ ಒಯ್ದು ನೋಡೂಣು."

"ಬಸಂತರಾಯರಿಗೂ ಕಿವಿ ಅದಾವ್ರಿ," ಎಂದಳು ಕೌಸರ.

ಲಕೋಟೆಯ ಮುಕ್ಕಾಲು ಭಾಗ ಒಳಗೆ ಹೋಗಿತ್ತು. ಅದರ ಅಂಚನ್ನು ಅವನು ಇನ್ನೂ ಹಿಡಿದೇ ಇದ್ದ. ಹಿಂದೆ ಆಲಮೇಲದ ಬಸ್ಸು ಹಾರ್ನು ಹೊಡೆದು ಹೋಯಿತು. ಅವನು ಮೆಲ್ಲಗೆ, ಬಲು ಮೆಲ್ಲಗೆ, ಬೆರಳು ಸಡಿಲಿಸಿದ.