ವಿಮಾನ ನಿಲ್ದಾಣದಲ್ಲಿ ಕಳೆದ ನಾಲ್ಕು ನಿಂಬೆಹಣ್ಣು

ನಾಲ್ಕೇ ನಾಲ್ಕು ನಿಂಬೆಹಣ್ಣು. ಅದನ್ನೂ ಮಾರಿಷಸ್ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನ ಚೀಲದಿಂದ ತೆಗೆದು ಕಸದ ಡಬ್ಬಕ್ಕೆ ಹಾಕಿದಳು. ಹೊರಗಿನ ಹಣ್ಣು ದ್ವೀಪದೊಳಗೆ ಬರಬಾರದಂತೆ. ನಮ್ಮೂರು ಓಡೈಪಟ್ಟಿಯ ಹಿತ್ತಲ ಹಣ್ಣಿಗೆ ಅದೇನು ರೋಗ ಬಂದಿತ್ತೋ! ನನಗೆ ಮೈಯೆಲ್ಲ ಉರಿಯಿತು.

"ಬಾಡಿಗೆ ಕಾರಿಗೆ ಯಾರಮ್ಮ ಎಲುಮಿಚ್ಚೆ ಹಣ್ಣು ಇಡ್ತಾರೆ?" ಎಂದು ಮಗಳು ಯುವಶ್ರೀ ನಕ್ಕಳು. ಪ್ರವಾಸ ಅವಳದೇ ಖರ್ಚು, ನಗಲಿ. ಆದರೆ ಚಕ್ರದಡಿ ನಿಂಬೆ ನಜ್ಜುಗುಜ್ಜಾಗದೆ ನಮ್ಮ ಟೆಂಪೊ ವಂಡಿ ಘಾಟಿ ಹತ್ತಿದ್ದೇ ಇಲ್ಲ. ಒಂದೇ ಒಂದು ಸಲ ಹತ್ತಿತ್ತು. ಅದಕ್ಕೆ ಕಾರಣ ನಾನು.

ಎರಡು ವರ್ಷದ ಹಿಂದಿನ ಮಾತು. ನನ್ನ ಗಂಡ ಅಳಗರ್ ದ್ರಾಕ್ಷಿ ತುಂಬಿದ ಟೆಂಪೊದಲ್ಲಿ ಘಾಟಿ ಮೇಲಿನ ಕುಮಿಳಿಗೆ ಹೊರಟಿದ್ದರು, ಪಕ್ಕದಲ್ಲಿ ನಾನು. ನಮ್ಮ ಕಡೆಯ ಗೂಡಲೂರು ದಾಟಿ ಘಾಟಿ ಶುರುವಾಗುವಲ್ಲಿ ಅಮ್ಮನ ಗುಡಿ. ಅಲ್ಲಿ ನಿಂತು, ನಿಂಬೆ ಇಟ್ಟು ಹತ್ತುವುದು ಪದ್ಧತಿ. ಇವರು ನಿಲ್ಲಿಸಹೋದರು. "ಹೊತ್ತಾಯ್ತು, ಹೋಗಾಣ" ಎಂದೆ ನಾನು. ಮೂರನೇ ತಿರುವಿನಲ್ಲಿ ಟೆಂಪೊ ಹಿಂದಕ್ಕೆ ಜಾರಿ ಮಗುಚಿತು. ಇವರ ಮುರಿದ ಕೈ ಕೂಡಿಕೊಂಡಿತು, ಧೈರ್ಯ ಕೂಡಲಿಲ್ಲ. ಮೂವತ್ತು ವರ್ಷ ಹಿಡಿದ ಸ್ಟೇರಿಂಗನ್ನು ಆಮೇಲೆ ಮುಟ್ಟಲೇ ಇಲ್ಲ. ಆ ದಿನದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಕಾರು ಕೊಡುವ ಕಚೇರಿಯಲ್ಲಿ ಎರಡನೇ ಡ್ರೈವರ್ ಯಾರೆಂದು ಕೇಳಿದರು. ಯುವಶ್ರೀ ಅಪ್ಪನ ಲೈಸೆನ್ಸು, ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟು ಮುಂದಿಟ್ಟಳು. "ಬೇಕಾದ್ರೆ ಹೆಸರು ಬರಸ್ಕೋ. ಓಡಿಸೋದು ನಾನಲ್ಲ" ಎಂದರು ಇವರು.

ಮೂರನೇ ದಿನ ಬೆಟ್ಟದ ದಾರಿ. ಮಂಜು, ತಿರುವಿನ ಮೇಲೆ ತಿರುವು. ಕೊಯಮತ್ತೂರಿನ ಸಮತಟ್ಟು ರಸ್ತೆಯಲ್ಲಿ ಕಲಿತ ಯುವಶ್ರೀ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಒಂದು ಮಾರು ಹಿಂದಕ್ಕೆ ಜಾರಿತು. ಹೇಗೋ ಪಕ್ಕಕ್ಕೆ ಸರಿಸಿ ನಿಲ್ಲಿಸಿದಳು.

"ಅಪ್ಪಾ, ನನ್ನ ಕೈಲಿ ಆಗಲ್ಲ" ಎಂದು ಅತ್ತುಬಿಟ್ಟಳು. ಮುಂದಿನ ಸೀಟಿನಲ್ಲಿದ್ದ ಇವರು ಕಿಟಕಿಯಾಚೆ ನೋಡುತ್ತ ಕೂತರು.

ಹಿಂದೆ ಕೂತಿದ್ದ ನನಗೆ ತಡೆಯಲಾಗಲಿಲ್ಲ. "ಇಂದಾಂಗ, ಇಲ್ಲಿ ಕೇಳಿ, ಅವತ್ತು ಗುಡಿ ಹತ್ರ ನಿಲ್ಲಿಸಬೇಡಿ ಅಂದೋಳು ನಾನು. ತಪ್ಪು ನಂದು. ಅದಕ್ಕೆ ನೀವ್ಯಾಕೆ ಕೈ ಕಟ್ಕೊಂಡು ಕೂರ್ಬೇಕು?"

ಅವರು ಹಿಂದಕ್ಕೆ ತಿರುಗಿದರು. "ಏ ತಿಲಗಾ, ಇಷ್ಟು ದಿನ ಇದನ್ನ ಹೊತ್ಕೊಂಡಿದ್ದೆಯಾ? ಬ್ರೇಕು ಸರಿ ಇರ್ಲಿಲ್ಲ ಕಣೇ ಪುಳ್ಳೆ. ಒಂದು ವಾರದಿಂದ ಗೊತ್ತಿತ್ತು ನಂಗೆ. ಈ ಲೋಡು ಇಳಿಸಿ ಮಾಡ್ಸಾಣ, ಈ ಲೋಡು ಇಳಿಸಿ ಮಾಡ್ಸಾಣ ಅಂತಿದ್ದೆ. ಪಕ್ಕದಲ್ಲಿ ನೀ ಕೂತಿದ್ದೆ. ನಿನ್ನ ಸಾಯಿಸ್ತಿದ್ದೆ. ಯಾವ ಬಾಯಲ್ಲಿ ಹೇಳ್ಲಿ?"

ಎರಡು ವರ್ಷ! ಎರಡು ವರ್ಷ ನಾನು ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಿ ಸತ್ತೆ, ಈ ಮನುಷ್ಯ ಬಾಯಿ ಹೊಲಿದುಕೊಂಡು ಕೂತಿದ್ದಾರೆ! ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಅತ್ತೆ.

ಅವರು ಕಾರಿನಿಂದ ಇಳಿದರು. ನಾಲ್ಕೂ ಚಕ್ರದ ಹತ್ತಿರ ಬಗ್ಗಿ ನೋಡಿದರು. ಯುವಶ್ರೀಯನ್ನು ಹಿಂದಿನ ಸೀಟಿಗೆ ಕಳಿಸಿ, ಸ್ಟೇರಿಂಗ್ ಮುಂದೆ ಕೂತು, ಬ್ರೇಕನ್ನು ಮೂರು ಸಲ ಒತ್ತಿದರು.

"ಎಲುಮಿಚ್ಚೆ ಇಲ್ಲವಲ್ಲ" ಎಂದೆ.

"ಬ್ರೇಕ್ ಅದೆ" ಎಂದರು.

ನಾನು ಇಳಿದು, ಮುಂದಿನ ಬಾಗಿಲು ತೆಗೆದು ಅವರ ಪಕ್ಕದಲ್ಲಿ ಕೂತೆ.