ಗೊಬ್ಬರ ಹೊತ್ತ ತೆಪ್ಪ

ಬಿದಿರಿಗೆ ಆರುನೂರು, ಟಾರ್ಪಾಲಿಗೆ ನಾನೂರು, ಡಾಂಬರಿಗೆ ಇನ್ನೂರು. ಕೂಲಿ ಲೆಕ್ಕಕ್ಕಿಲ್ಲ, ಬೆಸ್ತರ ಕೆಂಪರಂಗಯ್ಯ ತನ್ನ ಕೈಯಾರೆ ಹೆಣೆದ. ಹೀಗೆ ಹುಟ್ಟಿದ ತೆಪ್ಪ ನಾನು. ತುಮಕೂರಿನ ಅಂಚಿನ ಗುಂಡನಕಟ್ಟೆ ಕೆರೆಗೆ ಇಳಿದ ದಿನ ನನ್ನ ಹೊಟ್ಟೆಯಡಿಯ ನೀರು ತಿಳಿಯಾಗಿತ್ತು.

ಆಗ ಸುತ್ತ ರಾಗಿ ಹೊಲ. ಬೇಸಿಗೆಯಲ್ಲಿ ರೈತರು ಕೆರೆಯ ತಳದ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಮೀನುಮರಿ ಬಿಟ್ಟ ಮೇಲೆ ಕೆಂಪರಂಗಯ್ಯ ನನ್ನ ತುಂಬ ಸಗಣಿಗೊಬ್ಬರ ಹೇರಿ ನಡುನೀರಿಗೆ ಚೆಲ್ಲುತ್ತಿದ್ದ.

"ಕೆರೆಗೂ ಉಣ್ಣಾಕಿಕ್ಬೇಕು ಕಣಮ್ಮಿ" ಎಂದು ಮಗಳು ಚೆಲುವಮ್ಮನಿಗೆ ಹೇಳುತ್ತಿದ್ದ. ನೀರು ತುಸು ಹಸಿರೇರುತ್ತಿತ್ತು, ಮೀನು ಮೈತುಂಬುತ್ತಿತ್ತು.

ಆಮೇಲೆ ಹೊಲಗಳು ಸೈಟುಗಳಾದವು. ಗೋಡು ಒಯ್ಯುವವರಿಲ್ಲ, ಸೈಟುಗಳಿಗೆ ಅಗೆದ ಮಣ್ಣೆಲ್ಲ ಮಳೆಗೆ ಕೊಚ್ಚಿ ಬಂದು ಕೆರೆಯಲ್ಲೇ ಕೂತಿತು. ಹೊಸ ಮನೆಗಳ ಬಚ್ಚಲು, ಕಕ್ಕಸಿನ ನೀರು ಒಂದೇ ಚರಂಡಿಯಲ್ಲಿ ಇಳಿಯಿತು. ಆ ಕೊಳೆಯೂ ಗೊಬ್ಬರವಾಗಿ ಮೊದಮೊದಲು ಮೀನು ಇನ್ನೂ ಬೇಗ ಕೊಬ್ಬಿದವು. ಅಲ್ಲೇ ಎಲ್ಲರೂ ಮೋಸಹೋದರು.

ಕೆಂಪರಂಗಯ್ಯ ತೀರಿಕೊಂಡ. ನಾನು ಚೆಲುವಮ್ಮ ಮತ್ತು ಅವಳ ಗಂಡ ತಿಪ್ಪೇಶನ ಪಾಲಾದೆ. ಆ ವರ್ಷದ ಮೀನು ಮಾರಿಯೇ ಮುಂದಿನ ಗುತ್ತಿಗೆ ಹಿಡಿಯಬೇಕಿತ್ತು. ಇಲ್ಲವಾದರೆ ಕೆರೆ ಕೈತಪ್ಪುತ್ತಿತ್ತು. ತಿಪ್ಪೇಶ ಟ್ರ್ಯಾಕ್ಟರ್ ತುಂಬ ಗೊಬ್ಬರ ತರಿಸಿದ.

"ನೀರು ಆಗ್ಲೇ ಪಾಚಿಗಟ್ಟೈತೆ. ಇನ್ನೂ ಯಾಕ್ ಸುರೀತೀರಾ?" ಎಂದಳು ಚೆಲುವಮ್ಮ.

"ನಿಮ್ಮಪ್ಪ ಸುರಿದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನಾನಂದ್ರೆ ಸಸಾರ ಅಲ್ವಾ?"

ನಾನು ಹೊತ್ತೆ, ಅವನು ಚೆಲ್ಲಿದ.

ಮೋಡ ಮುಚ್ಚಿತು. ಬಿಸಿಲಿಲ್ಲ, ಗಾಳಿಯೂ ಆಡಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಕೆರೆಯ ತುಂಬ ಮೀನಿನ ಬಾಯಿಗಳು!

"ನೋಡೇ, ಕೈಯಾಗೇ ಹಿಡೀಬೋದು! ಮೀನ್ ಕೊಳ್ಳೋ ಸಾವ್ಕಾರ್ನ ಕರ್ಕೊಂಡ್ ಬತ್ತೀನಿ" ಎಂದು ತಿಪ್ಪೇಶ ಬೈಕು ಹತ್ತಿದ.

"ಅಯ್ಯೋ, ನಿಂತ್ಕಳ್ರೀ! ಪಾಚಿ ನೀರಿನ್ ಉಸ್ರೆಲ್ಲ ಕುಡ್ದೈತೆ, ಉಸ್ರು ಸಿಗ್ದೆ ಬಾಯಿ ಬಿಡ್ತಾವೆ ಅವು!"

ಅವನಿಗೆ ಕೇಳಲಿಲ್ಲ. ಚೆಲುವಮ್ಮ ಒಬ್ಬಳೇ ನನ್ನನ್ನು ನೀರಿಗೆ ನೂಕಿದಳು. ನೀರಿಗೆ ಗಾಳಿ ಬೆರೆಯಲೆಂದು ಹುಟ್ಟುಗೋಲಿನಿಂದ ಬಡಿದಳು, ಬಡಿದಳು. ಅಂಗೈಯ ಚರ್ಮ ಕಿತ್ತುಬಂತು. ಸಿಕ್ಕಷ್ಟು ಮೀನನ್ನು ಜೀವ ಇರುವಾಗಲೇ ಬಲೆಯಲ್ಲಿ ಎಳೆದು ಬುಟ್ಟಿಗೆ ಹಾಕಿದಳು. ಒಂದೊಂದೇ ಬಿಳಿ ಹೊಟ್ಟೆ ಮೇಲೆದ್ದು ನನ್ನ ಅಂಚಿಗೆ ತಾಗತೊಡಗಿತು.

ಸಾವ್ಕಾರ ಏರಿಯ ಮೇಲೆ ನಿಂತು ಮೂಗು ಮುಚ್ಚಿಕೊಂಡ. "ಸತ್ತ ಮೀನ್ ನಂಗ್ಯಾಕಪ್ಪ ತಿಪ್ಪೇಶ?"

ತಿಪ್ಪೇಶ ಅಲ್ಲೇ ಕುಕ್ಕರಿಸಿದ. ಅವನೇನೂ ಕೆಟ್ಟವನಲ್ಲ. ಹಿರಿಯರು ಮಾಡಿದ್ದನ್ನೇ ಮಾಡಿದ. ಕೆರೆ ಮಾತ್ರ ಹಿರಿಯರ ಕಾಲದ್ದಾಗಿರಲಿಲ್ಲ.

ಈಗ ನಾನು ಅವರ ಹಿತ್ತಲಲ್ಲಿ ಬೋರಲಾಗಿ ಬಿದ್ದಿದ್ದೇನೆ. ನನ್ನಡಿ ಕೋಳಿಗಳು ಮಲಗುತ್ತವೆ. ಕೆರೆಯ ಗುತ್ತಿಗೆ ಬೇರೆಯವರ ಪಾಲಾಯಿತು. ಚರಂಡಿ ಇನ್ನೂ ಹರಿಯುತ್ತಿದೆ. ಆ ದಿನ ಉಳಿದದ್ದು ಎರಡು ಬುಟ್ಟಿ ಮೀನು. ಹೋದದ್ದು ಕೆರೆ.